ಹಿತ್ತಿಲಿನಲ್ಲೊಂದು ಸರೀಸೃಪಗಳ ಬೀಡು

ಓತಿಕೇತ, ಹಾವುರಾಣಿಗಳು ಸರೀಸೃಪ ವರ್ಗಕ್ಕೆ ಸೇರಿದ ಜೀವಿಗಳು. ನಾವು ಉಂಡ ಅನ್ನವೇ ನಮ್ಮ ಮೈಗೆ ಶಾಖವನ್ನೀಯುತ್ತದೆ. ಅವುಗಳಿಗಾದರೋ ಸೂರ್ಯನೇ ಒಲೆ. ಬಿಸಿಲಿನಲ್ಲಿ ಮೈ ಕಾಯಿಸಿಕೊಂಡು, ತಾಪ ಹೆಚ್ಚಿದೊಡನೆ ನೆರಳಿಗೆ ಸರಿಯುತ್ತವೆ. ಆದುದರಿಂದ ಅವುಗಳಿಗೆ ಬಿಸಿಲು, ನೆರಳು, ಅಡಗುತಾಣ, ನೀರು ಈ ನಾಲ್ಕೂ ಒಂದೆಡೆ ದೊರೆಯಬೇಕು.

ಇದನ್ನು ಒದಗಿಸಲು ಕಾಸಿನ ಖರ್ಚೂ ಇಲ್ಲ. ಮನೆಯಿಂದ ದೂರವಾಗಿ, ಹಿತ್ತಿಲಿನ ಕೊನೆಯಲ್ಲಿ, ಬಿಸಿಲು ಬೀಳುವೆಡೆ ಚಪ್ಪಟೆ ಕಲ್ಲೊಂದನ್ನಿಡೋಣ. ಪಕ್ಕದಲ್ಲಿ ಅಂಚೊಡೆದ ಮಡಕೆಯನ್ನು ಬೋರಲು ಹಾಕಿದರೆ ಒಡಕೇ ಬಾಗಿಲಾಗುವುದು. ಹಳೆಯ ಹೆಂಚುಗಳ ನಡುವೆ ಸಣ್ಣ ಕಲ್ಲುಗಳನ್ನಿಟ್ಟು ಜೋಡಿಸಿದರೆ ಬೆರಳಗಲದ ಸಂದುಗಳು ಉಂಟಾಗುವುವು. ಸುತ್ತಲೂ ತರಗೆಲೆ ಹರಡಿದರೆ ಹುಳುಹುಪ್ಪಟೆಗಳು ಸೇರಿ ಆಹಾರವೂ ಒದಗುವುದು. ತೆಂಗಿನ ಕರಟದಲ್ಲಿ ನೀರಿಟ್ಟು, ಸೊಳ್ಳೆಗೆ ಎಡೆಗೊಡದಂತೆ ದಿನವೂ ಬದಲಿಸೋಣ.

ಈ ಬೀಡಿಗೆ ಬಲೆಯಾಗಲಿ ಮುಚ್ಚಳವಾಗಲಿ ಬೇಡ. ಬರುವುದೂ ಹೋಗುವುದೂ ಅವುಗಳ ಇಚ್ಛೆ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡು ನಮ್ಮ ತಾಳವಾಡಿಯ ನೆರೆಯಲ್ಲೇ ಇದೆ. ಅಲ್ಲಿಂದಾಗಲಿ ಹೊಲದಿಂದಾಗಲಿ ನಕ್ಷತ್ರ ಆಮೆ, ಉಡ ಮೊದಲಾದವನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಹಾವುರಾಣಿ ಕಚ್ಚಿದರೆ ಸಾವು ಖಂಡಿತವೆಂದು ಹೆದರಿ ಅದನ್ನು ಕೊಲ್ಲುವವರುಂಟು. ಅದಕ್ಕೆ ವಿಷವೇ ಇಲ್ಲ. ಹುಳುಗಳನ್ನು ತಿಂದು ತೋಟಕ್ಕೆ ಉಪಕಾರ ಮಾಡುವ ಪ್ರಾಣಿಯದು. ಆದರೆ ಹೆಂಚಿನ ಸಂದಿನಲ್ಲಿ ಹಾವು, ಚೇಳುಗಳೂ ಸೇರಬಹುದು. ಅಲ್ಲಿಗೆ ಕೈ ಹಾಕಲೇಬಾರದು. ಹಾವು ಕಚ್ಚಿದರೆ ಮಂತ್ರ, ಮದ್ದೆಂದು ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ದೂರ ನಿಂತು ನೋಡುವುದೇ ನಮಗೂ ಕ್ಷೇಮ, ಅವಕ್ಕೂ ಕ್ಷೇಮ.