ಬಲೆಗೆ ಸಿಕ್ಕ ಹೆಲಿಕಾಪ್ಟರ್

ಸಿನಿಮಾದ ಪೋಸ್ಟರ್ ಗೋಡೆಗೆ ಬಿದ್ದರೆ ಸಾಕು, ನಮ್ಮ ಮನೆಗಳಲ್ಲಿ ಮಕ್ಕಳು ದಿನ ಎಣಿಸತೊಡಗುತ್ತಾರೆ. ಈ ಕಾತರ ತಾನಾಗಿ ಹುಟ್ಟುವುದಿಲ್ಲ. ತಿಂಗಳುಗಟ್ಟಲೆ ಮೊದಲೇ ಅದನ್ನು ಹೆಣೆದಿರುತ್ತಾರೆ.

2002ರ ಮೇ 3ರಂದು ಅಮೆರಿಕದಲ್ಲಿ ತೆರೆಕಂಡ 'ಸ್ಪೈಡರ್‌ಮ್ಯಾನ್' ಚಿತ್ರವನ್ನೇ ನೋಡೋಣ. ಅದರ ಮೊದಲ ಟ್ರೈಲರ್ 2001ರಲ್ಲೇ ಬಂದಿತ್ತು. ಬ್ಯಾಂಕ್ ದೋಚಿದ ಕಳ್ಳರು ಹೆಲಿಕಾಪ್ಟರಿನಲ್ಲಿ ಪರಾರಿಯಾಗುತ್ತಿದ್ದಾಗ ಯಾರೋ ಅದನ್ನು ಹಿಂದಕ್ಕೆ ಎಳೆಯುತ್ತಾರೆ. ನೋಡಿದರೆ, ನ್ಯೂಯಾರ್ಕಿನ ಅವಳಿ ಗೋಪುರಗಳ ನಡುವೆ ದೊಡ್ಡದೊಂದು ಜೇಡರಬಲೆ! ಆ ದೃಶ್ಯ ಟ್ರೈಲರಿಗೆಂದೇ ಚಿತ್ರಿಸಿದ್ದು, ಸಿನಿಮಾದಲ್ಲಿ ಇಲ್ಲವೇ ಇಲ್ಲ. ರುಚಿಗೆಂದು ಕೊಟ್ಟದ್ದನ್ನು ಊಟಕ್ಕೆ ಬಡಿಸದಂತೆ! ಪೋಸ್ಟರಿನಲ್ಲೂ ನಾಯಕನ ಕಣ್ಣುಗಳಲ್ಲಿ ಅವೇ ಗೋಪುರಗಳ ಪ್ರತಿಬಿಂಬ.

ಅದೇ ವರ್ಷ ಸೆಪ್ಟೆಂಬರ್ 11ರಂದು ಗೋಪುರಗಳು ಕುಸಿದವು. ಸಾವಿರಾರು ಮಂದಿ ಸತ್ತ ಜಾಗವನ್ನು ಆಟದ ಅಂಗಳವಾಗಿ ತೋರಿಸುವುದು ಹೇಗೆ? ಟ್ರೈಲರನ್ನೂ ಪೋಸ್ಟರನ್ನೂ ಹಿಂದಕ್ಕೆ ಪಡೆದರು, ಬೇರೆ ಮಾಡಿಸಿದರು. ಜನ ಕಾದೇ ಇದ್ದರು. ಬಿಡುಗಡೆಯಾದ ಮೂರೇ ದಿನಗಳಲ್ಲಿ ಅಲ್ಲಿ 11 ಕೋಟಿ ಡಾಲರ್‌ಗೂ ಹೆಚ್ಚು ಗಳಿಕೆ. ಒಂದೇ ವಾರಾಂತ್ಯದಲ್ಲಿ 10 ಕೋಟಿ ದಾಟಿದ ಮೊದಲ ಚಿತ್ರ ಅದು.

ಆ ಹಳೆಯ ಪೋಸ್ಟರನ್ನು ಸಂಗ್ರಹಿಸುವವರು ಇಂದಿಗೂ ಇದ್ದಾರೆ. ಅದನ್ನು ಕಂಡಾಗ ನಾವು ಮೊದಲು ಹುಡುಕುವುದು ನಾಯಕನ ಕಣ್ಣಲ್ಲಿ ಇನ್ನೂ ನಿಂತಿರುವ ಆ ಎರಡು ಗೋಪುರಗಳನ್ನೇ.