ಕಿಲೋಮೀಟರ್ ಬಿಡಿ, ರಾತ್ರಿಗಳನ್ನು ಎಣಿಸಿ

ಕಾರ್ತಿಕ ಶುದ್ಧ ದಶಮಿಗೆ ಗುಂತಕಲ್ಲು ಬಳಿಯ ಚಿಪ್ಪಗಿರಿಯಲ್ಲಿ ಹರಿದಾಸ ವಿಜಯದಾಸರ ಆರಾಧನೆ. ಆ ಹೊತ್ತಿಗೆ ಕೇದಾರನಾಥದ ಬಾಗಿಲು ಹಾಕಿ ಎಂಟು ದಿನವಾಗಿರುತ್ತದೆ. ಅಲ್ಲಿ ಯಮದ್ವಿತೀಯದಂದೇ ಮುಚ್ಚುತ್ತಾರೆ. ಹಾಗಾಗಿ ಆರಾಧನೆಗೆ ಬಂದವರು ಬದರಿ-ಕೇದಾರದ ಮಾತು ತೆಗೆದರೆ ಅದು ಬರುವ ವೈಶಾಖದ ಮಾತು. ಕೈಯಲ್ಲಿ ಆರು ತಿಂಗಳಿರುತ್ತದೆ. ಹಿಮಾಲಯ ಹತ್ತುವ ಸಿದ್ಧತೆಗೆ ಅಷ್ಟು ಬೇಕೇ ಬೇಕು. ಹೊರಟದ್ದು ಯಾತ್ರೆಗೋ ಟ್ರೆಕ್ಕಿಂಗ್‌ಗೋ, ದೇಹ ಆ ಭೇದ ಎಣಿಸುವುದಿಲ್ಲ.

ಆದವಾನಿ, ಗುಂತಕಲ್ಲು ಸೀಮೆ ಸಮುದ್ರಮಟ್ಟದಿಂದ 430 ಮೀಟರ್ ಆಸುಪಾಸಿನಲ್ಲಿದೆ. ಕೇದಾರನಾಥ 3,583 ಮೀಟರ್. ಗೌರಿಕುಂಡದಿಂದ ಮೇಲಕ್ಕೆ 16 ಕಿಲೋಮೀಟರಿಗೂ ಹೆಚ್ಚಿನ ನಡಿಗೆ. ಮಂತ್ರಾಲಯಕ್ಕೆ ಪಾದಯಾತ್ರೆ ಮಾಡಿದ ಕಾಲುಗಳಿಗೆ ಅದೇನು ಮಹಾ ಅನಿಸಬಹುದು. ಆದರೆ ಆ ದಾರಿ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಎತ್ತರ ಏರುತ್ತದೆ. ಕಷ್ಟ ಕೊಡುವುದು ದೂರವಲ್ಲ, ತೆಳುವಾಗುತ್ತ ಹೋಗುವ ಗಾಳಿ. 5,500 ಮೀಟರಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ.

ಅದಕ್ಕೇ ಪರ್ವತ ವೈದ್ಯರು ರಾತ್ರಿಗಳ ಲೆಕ್ಕ ಹಾಕುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ತಲೆನೋವು, ವಾಕರಿಕೆ ಕಂಡರೆ ಅಲ್ಲೇ ತಂಗಬೇಕು. ನಡಿಗೆ ತೂರಾಡಿದರೆ, ಕೂತಲ್ಲೂ ಏದುಸಿರು ಬಂದರೆ ತಡಮಾಡದೆ ಕೆಳಗಿಳಿಸಬೇಕು. ಡಯಾಮಾಕ್ಸ್ ಮಾತ್ರೆ ಕೆಲವರಿಗೆ ನೆರವಾಗುತ್ತದೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ಬೆನ್ನಿಗೆ ಚೀಲ ಕಟ್ಟಿ ಆದವಾನಿ ಕೋಟೆ ಬೆಟ್ಟ ಹತ್ತಿಳಿಯುವುದು ಮೊಣಕಾಲಿಗೆ ಒಳ್ಳೆಯ ತಾಲೀಮು. ತೆಳುಗಾಳಿಗೆ ಮಾತ್ರ ಬಯಲುಸೀಮೆಯಲ್ಲಿ ತಾಲೀಮಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್.

ಇಷ್ಟೆಲ್ಲ ಮಾಡಿಕೊಂಡರೂ ಹವಾಮಾನ ಇದ್ದೇ ಇದೆ. 2024ರ ಮೇ 29ರಂದು ಉತ್ತರಕಾಶಿ ಜಿಲ್ಲೆಯಿಂದ 22 ಜನರ ತಂಡವೊಂದು ಸಹಸ್ರತಾಲ್ ಸರೋವರಗಳತ್ತ ಹೊರಟಿತು. ಮೂವರು ಸ್ಥಳೀಯ ಮಾರ್ಗದರ್ಶಿಗಳು, ಉಳಿದವರಲ್ಲಿ ಬಹುತೇಕರು ಕರ್ನಾಟಕದವರು. ಜೂನ್ 3ರಂದು 4,000 ಮೀಟರಿಗೂ ಮೇಲೆ, ಶಿಬಿರಕ್ಕೆ ಮರಳುವಾಗ ಹಿಮಗಾಳಿ ಎದ್ದಿತು. ದಾರಿ ಕಾಣದೆ ರಾತ್ರಿ ಬಯಲಲ್ಲೇ ಉಳಿಯಬೇಕಾಯಿತು. ಒಂಬತ್ತು ಮಂದಿ ತೀರಿಕೊಂಡರು. ಉಳಿದ 13 ಮಂದಿಯನ್ನು ಹೆಲಿಕಾಪ್ಟರ್‌ಗಳು ಮತ್ತು ರಾಜ್ಯ ವಿಪತ್ತು ಪಡೆಯವರು ಕೆಳಗೆ ತಂದರು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ನಿಂತಿದ್ದರು.

ಅನುಭವಸ್ಥರಿಗೂ ಆ ರಾತ್ರಿ ಬಂದೀತು. ಮಧ್ಯಾಹ್ನದ ಮೇಲೆ ಅಲ್ಲಿನ ಹವೆ ಕೆಡುವುದು ಸಾಮಾನ್ಯ. ಆದ್ದರಿಂದ ಬೆಳಗಿನ ಜಾವ ಹೊರಟು, ಎಲ್ಲಿ ತಲುಪಿದ್ದರೂ ಇಷ್ಟು ಗಂಟೆಗೆ ಹಿಂದಿರುಗುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ರೇನ್‌ಕೋಟ್, ಬೆಚ್ಚನೆಯ ಜಾಕೆಟ್, ಟಾರ್ಚ್ ಹೇಸರಗತ್ತೆಯ ಮೇಲಿನ ಮೂಟೆಗೆ ಹೋಗದೆ ಹೆಗಲ ಚೀಲದಲ್ಲೇ ಇರಲಿ. ಹತ್ತಿ ಪೇಟೆಯ ಆದವಾನಿಯವರಿಗೆ ಬೇಸರವಾದೀತು, ಆದರೂ ಹೇಳಬೇಕು: ಹತ್ತಿ ಬಟ್ಟೆ ಅಲ್ಲಿಗೆ ಒಗ್ಗದು. ಒದ್ದೆಯಾದರೆ ಬೇಗ ಒಣಗದೆ ಮೈಯ ಶಾಖ ಹೀರುತ್ತದೆ. ಉಣ್ಣೆ, ಪಾಲಿಯೆಸ್ಟರ್ ವಾಸಿ.

ಕೊನೆಗೆ ರೈಲು. ಗುಂತಕಲ್ಲಿನಿಂದ ದಿಲ್ಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದೆ. ಕಾಯ್ದಿರಿಸುವುದು 60 ದಿನ ಮುಂಚೆ ಶುರುವಾಗುತ್ತದೆ. ಹೋಗುವ ಟಿಕೆಟ್ಟಿಗಿಂತ ಬರುವ ಟಿಕೆಟ್ಟೇ ಹೆಚ್ಚು ಅಪಾಯದ್ದು. ನಾಳಿದ್ದೇ ರೈಲು ಎಂದಾದರೆ, ಮೋಡ ಕವಿದಿದ್ದರೂ ‘ಹೇಗೋ ಹತ್ತಿಬಿಡೋಣ’ ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ನಡುವೆ ಎರಡು ದಿನ ಖಾಲಿ ಬಿಟ್ಟು ಟಿಕೆಟ್ ಮಾಡಿಸಬೇಕು. ಹವೆ ಚೆನ್ನಾಗಿದ್ದು ಬೇಗ ಇಳಿದು ಬಂದರೆ ಆ ಎರಡು ದಿನ ಹರಿದ್ವಾರದ ಗಂಗಾಸ್ನಾನಕ್ಕಾಯಿತು.