ಒಂದು ಡಿಸ್ಕ್ ಕೆಟ್ಟರೆ ಎಂಟು ವರ್ಷದ ಮದುವೆಗಳೆಲ್ಲ ಮಾಯ!

ನಮ್ಮ ತೆರಕಣಾಂಬಿ ಕಡೆಯ ಚೆಂಡು ಹೂವಿನ ಹೊಲ ನೋಡಿದ್ದೀರಾ? ಹೂ ಬಿಡಿಸಲು ನಾಲ್ಕು ಜನ ಇಳಿದರೆ ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುತ್ತಾರೆ. ಒಬ್ಬರೇ ದಿನವಿಡೀ ಬಿಡಿಸುವಷ್ಟು ಹೂ ಬಿಸಿಲೇರುವ ಮುಂಚೆ ಮೂಟೆ ಸೇರುತ್ತೆ. ಡಿಸ್ಕ್ ಸ್ಟ್ರೈಪಿಂಗ್ ಅನ್ನೋದು ಹೆಚ್ಚುಕಮ್ಮಿ ಇದೇ. ದೊಡ್ಡ ಫೈಲನ್ನು 64 ಕೆಬಿಯಂಥ ಸಣ್ಣ ತುಂಡು ಮಾಡಿ, ಮೊದಲ ತುಂಡು ಒಂದನೇ ಡಿಸ್ಕಿಗೆ, ಎರಡನೆಯದು ಎರಡನೇ ಡಿಸ್ಕಿಗೆ, ಹೀಗೆ ಹಂಚುತ್ತಾ ಹೋಗುವುದು. ಡಿಸ್ಕ್ ನಾಲ್ಕಿದ್ದರೆ ಐದನೇ ತುಂಡು ಮತ್ತೆ ಒಂದನೆಯದಕ್ಕೆ. ಓದುವಾಗಲೂ ಬರೆಯುವಾಗಲೂ ನಾಲ್ಕೂ ಒಟ್ಟಿಗೆ ದುಡಿಯುತ್ತವೆ.

ಆದರೆ ಹೊಲದಲ್ಲಿ ಒಂದು ಸಾಲು ಒಣಗಿದರೆ ಉಳಿದ ಮೂರು ಸಾಲಿನ ಹೂ ಮಾರಬಹುದು. ಇಲ್ಲಿ ಹಾಗಲ್ಲ. ಪ್ರತಿ ವಿಡಿಯೋದ ಚೂರು ಪ್ರತಿ ಡಿಸ್ಕಿನಲ್ಲೂ ಇರುವುದರಿಂದ, ಒಂದು ಡಿಸ್ಕ್ ಕೆಟ್ಟರೆ ಹೋಗೋದು ಕಾಲು ಭಾಗವಲ್ಲ, ಹೆಚ್ಚುಕಮ್ಮಿ ಎಲ್ಲವೂ. ವರ್ಷದಲ್ಲಿ ಒಂದು ಡಿಸ್ಕ್ ಕೆಡುವ ಸಾಧ್ಯತೆ ನೂರಕ್ಕೆ 2 ಅಂತಿಟ್ಟುಕೊಳ್ಳಿ. ನಾಲ್ಕರಲ್ಲಿ ಯಾವುದಾದರೂ ಒಂದು ಕೆಡುವ ಸಾಧ್ಯತೆ ಸುಮಾರು 8 ಆಗುತ್ತೆ.

ಬೆಂಗಳೂರಲ್ಲಿ ಸ್ಟೋರೇಜ್ ಕೆಲಸ ಮಾಡುವ ನನಗೆ, ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ದೊಡ್ಡಪ್ಪನ ಮಗ ಮೊನ್ನೆ ಫೋನ್ ಮಾಡಿದ್ದ.

"ನಾಕು ಡಿಸ್ಕಿನ ಡಬ್ಬ ತಂದಿವ್ನಿ ಕನವ್ವ. ಅಂಗ್ಡಿಯವ್ರು ರೇಡ್ ಸೊನ್ನೆ ಹಾಕು, ಬಿರ್ನ ಓಡ್ತದ ಅಂದ್ರು. ಹಾಕ್ಲಾ?"

ಅದರೊಳಗೆ ಹೋಗಬೇಕಿದ್ದದ್ದು ಎಂಟು ವರ್ಷದ ಮದುವೆ, ನಾಮಕರಣದ ವಿಡಿಯೋಗಳು. ಈಗ ಇಲ್ಲದ ಎಷ್ಟೋ ಅಜ್ಜಿ ತಾತಂದಿರು ನಡೆದಾಡೋದು ಅದರಲ್ಲಿ ಮಾತ್ರ. ಬೇಡಣ್ಣ ಅಂದೆ.

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ರೇಡ್ ಬಗ್ಗೆ ಪ್ರಬಂಧ ಬರೆದಾಗ ಅವರ ಪಟ್ಟಿ 1ರಿಂದ 5ರವರೆಗಿತ್ತು. ಸೊನ್ನೆ ಸೇರಿದ್ದು ಆಮೇಲೆ. ಹೆಸರೇನೋ ಸರಿಯಾಗಿದೆ, ಅದರಲ್ಲಿ ರಕ್ಷಣೆ ಸೊನ್ನೆಯೇ!

ಅಣ್ಣನಿಗೆ ಹೇಳಿದ್ದು ರೇಡ್ 5. ಮೂರು ಡಿಸ್ಕಿನಲ್ಲಿ 5, 7, 3 ಇವೆ ಅನ್ನಿ, ನಾಲ್ಕನೆಯದರಲ್ಲಿ ಮೊತ್ತ 15 ಬರೆದಿಡಿ. 7 ಇದ್ದ ಡಿಸ್ಕ್ ಸತ್ತರೆ 15ರಲ್ಲಿ 5, 3 ಕಳೆದರಾಯ್ತು. ನಿಜದಲ್ಲಿ ಕೂಡುವ ಬದಲು ಎಕ್ಸ್‌ಆರ್ ಎಂಬ ಲೆಕ್ಕ, ಮತ್ತೆ ಆ ‘ಮೊತ್ತ’ ಸರದಿಯ ಮೇಲೆ ನಾಲ್ಕೂ ಡಿಸ್ಕಿಗೆ ಹಂಚಿರುತ್ತೆ. 4 ಟಿಬಿಯ ನಾಲ್ಕು ಡಿಸ್ಕಿಗೆ ಸಿಗೋದು 16 ಅಲ್ಲ, 12 ಟಿಬಿ. "ಒಂದು ಡಿಸ್ಕಿನ ದುಡ್ಡು ದಂಡ" ಅಂತ ಗೊಣಗಿದ.

ರೇಡ್ 5 ಕೂಡ ಏಕಕಾಲಕ್ಕೆ ಎರಡು ಡಿಸ್ಕ್ ಕೆಟ್ಟರೆ ಉಳಿಸಲ್ಲ. ಕೈತಪ್ಪಿ ಡಿಲೀಟ್ ಒತ್ತಿದರೆ ಅದೂ ನಿಷ್ಠೆಯಿಂದ ಅಳಿಸುತ್ತೆ. ಹಾಗಾಗಿ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸ್ಟುಡಿಯೋದಲ್ಲಲ್ಲ, ಗುಂಡ್ಲುಪೇಟೆಯ ಅತ್ತೆ ಮನೆ ಬೀರುವಿನಲ್ಲಿದೆ.